ಗಾಳಿ ಹೆಚ್ಚೋ, ಪೆಟ್ರೋಲು ಹೆಚ್ಚೋ?

ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವನಿಗೆ ಬೆಂಕಿಯ ಯೋಗಕ್ಷೇಮವನ್ನರಿಯಲು ಯಾವ ಯಂತ್ರವೂ ಬೇಕಿಲ್ಲ. ಹೊಗೆಯ ಬಣ್ಣ ಕಂಡರೆ ಸಾಕು. ಕಪ್ಪು ಹೊಗೆ ಮೇಲೆದ್ದಿತೆಂದರೆ ಉರುವಲು ಹೆಚ್ಚಾಯಿತು, ಗಾಳಿ ಸಾಲದು ಎಂದರ್ಥ. ಬೆಣ್ಣೆದೋಸೆಯ ಕಾವಲಿಯ ಮುಂದೆ ನಿಂತವನೂ ಇದೇ ಶಾಸ್ತ್ರವನ್ನು ಬಲ್ಲ. ಸೌದೆಯನ್ನು ತುಸು ಹಿಂದಕ್ಕೆಳೆದರೆ ಹೊಗೆ ಅಡಗಿ ಉರಿ ಚೊಕ್ಕಟವಾಗುತ್ತದೆ. ಊರಿನ ಒಲೆಗಳಿಗೆ ಸಲ್ಲುವ ಈ ನಿಯಮವೇ ಊರಿನ ಬೀದಿಗಳಲ್ಲಿ ಓಡುವ ಮೋಟಾರು ಕಾರುಗಳಿಗೂ ಸಲ್ಲುತ್ತದೆಂಬುದು ಅನೇಕರಿಗೆ ಹೊಳೆಯುವುದಿಲ್ಲ. ಇಂಜಿನ್ನೂ ಒಂದು ಒಲೆಯೇ. ಆದರೆ ಅದರ ಉರಿ ಕಣ್ಣಿಗೆ ಕಾಣದು. ನಿಮಿಷಕ್ಕೆ ಸಾವಿರಾರು ಬಾರಿ ಹೊತ್ತಿ ಸಾವಿರಾರು ಬಾರಿ ಆರುತ್ತದೆ. ಕಾಣದ ಆ ಉರಿ ಕೆಟ್ಟಿತೆಂದು ತಿಳಿಯುವುದು ಹೇಗೆ? ತಿಳಿದ ಮೇಲೂ ಅದು ಏಕೆ ಕೆಟ್ಟಿತೆಂದು ಕಂಡುಹಿಡಿಯುವುದು ಹೇಗೆ?

ಈ ಎರಡು ಪ್ರಶ್ನೆಗಳ ನಡುವೆಯೇ ಎಷ್ಟೋ ಬಡ ಮಾಲಿಕರ ಹಣ ಸೋರಿಹೋಗುತ್ತದೆ.

ಪುರಾತನ ಈಶ್ವರ ದೇವಾಲಯವುಳ್ಳ ಆನೆಕೊಂಡ ಒಂದು ಕಾಲದಲ್ಲಿ ಪ್ರತ್ಯೇಕ ಗ್ರಾಮ. ಇಂದು ದಾವಣಗೆರೆ ನಗರದೊಳಗೇ ಬೆರೆತುಹೋಗಿದೆ. ಅಲ್ಲಿ ಬಾಡಿಗೆ ಕಾರನ್ನೇ ನಂಬಿ ಸಂಸಾರ ನಡೆಸುವ ಒಬ್ಬಾತ ಇದ್ದಾನೆಂದು ಇಟ್ಟುಕೊಳ್ಳಬಹುದು. ಪಿ. ಬಿ. ರಸ್ತೆಯನ್ನು ಹಿಡಿದು ದೊಡ್ಡಬಾತಿಯ ಮೇಲೆ ಹರಿಹರಕ್ಕೆ ಸುಮಾರು 14 ಕಿಲೋಮೀಟರು. ದಿನಕ್ಕೆ ಮೂರು ನಾಲ್ಕು ಸಲ ಈ ದಾರಿಯಲ್ಲಿ ಅವನ ಓಡಾಟ. ಕೆಲವು ದಿನಗಳಿಂದ ಅವನ ಗಾಡಿಗೆ ಹುಷಾರಿಲ್ಲ. ಜನ ತುಂಬಿ ವೇಗ ಹೆಚ್ಚಿಸಿದರೆ ಗಾಡಿ ಮುಗ್ಗರಿಸುತ್ತದೆ. ಹಿಂದೆ ನಿಂತರೆ ಪೆಟ್ರೋಲಿನ ವಾಸನೆ. ಮುಂದಿನ ಹಲಗೆಯ ಮೇಲೆ ಇಂಜಿನ್ನಿನ ಹಳದಿ ದೀಪ ಹೊತ್ತಿಕೊಂಡಿದೆ.

"ಅಣ್ಣಾ, ಪಿಕಪ್ಪೇ ಇಲ್ಲ, ಪೆಟ್ರೋಲು ಮಾತ್ರ ನೀರು ಕುಡಿದ್ಹಂಗ ಕುಡೀತೈತಿ" ಎಂದು ಅವನು ಮೊದಲನೆಯ ಮೆಕ್ಯಾನಿಕ್ಕಿನ ಮುಂದೆ ಗೋಳು ತೋಡಿಕೊಳ್ಳುತ್ತಾನೆ. ಅಲ್ಲಿ ಮೀಟರು ಹಚ್ಚಿ ನೋಡಿ ಆಕ್ಸಿಜನ್ ಸೆನ್ಸಾರನ್ನು ಬದಲಾಯಿಸುತ್ತಾರೆ. ಎರಡನೆಯ ಕಡೆ ಇಂಜೆಕ್ಟರುಗಳನ್ನು ತೊಳೆಯುತ್ತಾರೆ. ಮೂರನೆಯ ಕಡೆ ಪೆಟ್ರೋಲು ಪಂಪು ಹೊಸದಾಗುತ್ತದೆ. ಗಾಡಿಯ ಕಾಯಿಲೆ ಮಾತ್ರ ಇದ್ದಲ್ಲೇ ಇದೆ. ಮೂವರಲ್ಲಿ ಯಾರೂ ಮೋಸಗಾರರಲ್ಲ. ಮೂವರೂ ಮೀಟರು ಹೇಳಿದ್ದನ್ನೇ ಕೇಳಿದವರು. ತಪ್ಪು ನಡೆದುದು ಎಲ್ಲಿ ಎಂಬುದನ್ನರಿಯಲು ಮಿಶ್ರಣದ ಲೆಕ್ಕದಿಂದಲೇ ಆರಂಭಿಸಬೇಕು.

ಹದಿನಾಲ್ಕಕ್ಕೆ ಮಿಕ್ಕಿದ ಲೆಕ್ಕ

ಒಂದು ಕಿಲೋಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕು. ತೂಕದಲ್ಲಿ ಹೇಳಿದರೆ ಇದರ ಬೆರಗು ಅರಿವಾಗದು. ಅಳತೆಯಲ್ಲಿ ಹೇಳುವುದಾದರೆ, ಒಂದು ಲೀಟರು ಪೆಟ್ರೋಲನ್ನು ಸುಡಲು 9,000 ಲೀಟರಿಗೂ ಮಿಕ್ಕಿ ಗಾಳಿಯನ್ನು ಇಂಜಿನ್ನು ಒಳಗೆಳೆದುಕೊಳ್ಳಬೇಕು. ಕಾರು ಪೆಟ್ರೋಲಿನಿಂದ ಓಡುತ್ತದೆಂದು ನಾವು ಹೇಳುತ್ತೇವಾದರೂ ಅದರ ಆಹಾರದಲ್ಲಿ ಬಹುಪಾಲು ಗಾಳಿಯೇ.

ಗಾಳಿ ಈ ಪ್ರಮಾಣಕ್ಕಿಂತ ಕಡಮೆಯಾದರೆ ಅದು ಗಟ್ಟಿ ಮಿಶ್ರಣ. ಗ್ಯಾರೇಜಿನ ಮಾತಿನಲ್ಲಿ 'ರಿಚ್'. ಗಾಳಿ ಹೆಚ್ಚಾದರೆ ತೆಳು ಮಿಶ್ರಣ, ಅಂದರೆ 'ಲೀನ್'. ಇವೆರಡರಲ್ಲಿ ಒಂದು ಯಾವಾಗಲೂ ಒಳ್ಳೆಯದು, ಇನ್ನೊಂದು ಯಾವಾಗಲೂ ಕೆಟ್ಟದ್ದು ಎಂದೇನೂ ಇಲ್ಲ. ಚಳಿಯ ಮುಂಜಾನೆ ಇಂಜಿನ್ನು ಹೊತ್ತಿಕೊಳ್ಳಲು ಗಟ್ಟಿ ಮಿಶ್ರಣವೇ ಬೇಕು. ಏರನ್ನು ಹತ್ತುವಾಗ, ಪೂರ್ಣಶಕ್ತಿ ಬೇಕಾದಾಗ, 12.5ರಿಂದ 13ರವರೆಗಿನ ಪ್ರಮಾಣ ಹಿತ. ಸಮತಟ್ಟು ರಸ್ತೆಯಲ್ಲಿ ಮಿತವೇಗದಿಂದ ಹೋಗುವಾಗ ತುಸು ತೆಳುವಾದ ಮಿಶ್ರಣ ಪೆಟ್ರೋಲನ್ನು ಉಳಿಸುತ್ತದೆ. ಹೊತ್ತಿಗೆ ತಕ್ಕ ಹದ ತಪ್ಪಿದಾಗ ಮಾತ್ರ ಅದು ದೋಷವೆನಿಸುತ್ತದೆ.

ದೋಷದ ಫಲ ಎರಡು ದಿಕ್ಕಿಗೂ ಕಠಿನವೇ. ಮಿಶ್ರಣ ಗಟ್ಟಿಯಾದರೆ ಉರಿಯದ ಪೆಟ್ರೋಲು ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದುಹಾಕಿ ಕೆಳಗಿನ ಇಂಜಿನ್ ಆಯಿಲಿಗೆ ಬೆರೆಯುತ್ತದೆ. ಉಜ್ಜಿ ಉಜ್ಜಿ ಉಂಗುರಗಳು ಸವೆಯುತ್ತವೆ. ಹೊಗೆಕೊಳವೆಯಲ್ಲಿರುವ ಬೆಲೆಬಾಳುವ ಕೆಟಾಲಿಟಿಕ್ ಕನ್ವರ್ಟರು ಕಾದು ಕರಗಿಹೋಗುವುದೂ ಉಂಟು. ಮಿಶ್ರಣ ತೆಳುವಾದರೆ ಶಕ್ತಿ ಕುಂದಿ ಇಂಜಿನ್ನು ತಡವರಿಸುತ್ತದೆ. ಭಾರದ ಹೊತ್ತಿನಲ್ಲಿ ಹಾಗೇ ದುಡಿಸಿದರೆ ಅತಿಯಾಗಿ ಕಾದು ವಾಲ್ವುಗಳೂ ಪಿಸ್ಟನ್ನುಗಳೂ ಸುಟ್ಟುಹೋಗಬಹುದು.

ಹೊಗೆಯ ಭಾಷೆ, ಪ್ಲಗ್ಗಿನ ಮುಖ

ಮೀಟರುಗಳಿಲ್ಲದ ಕಾಲದ ಮೇಸ್ತ್ರಿಗಳು ಹೊರಗಿನ ಕುರುಹುಗಳಿಂದಲೇ ಒಳಗಿನ ಬೆಂಕಿಯನ್ನು ಓದುತ್ತಿದ್ದರು. ಅವರ ಪಾಠಗಳಲ್ಲಿ ಹೆಚ್ಚಿನವು ಇಂದಿಗೂ ಸುಳ್ಳಾಗಿಲ್ಲ.

ಮೊದಲನೆಯದು ಹೊಗೆ. ಕಪ್ಪು ಹೊಗೆ ಪೆಟ್ರೋಲಿನ ಅತಿಭೋಜನದ ಗುರುತು. ನೀಲಿ ಹೊಗೆಗೂ ಮಿಶ್ರಣಕ್ಕೂ ಸಂಬಂಧವಿಲ್ಲ. ಅದು ಎಣ್ಣೆ ಸುಡುತ್ತಿರುವುದರ ಗುರುತು. ಇಂಜಿನ್ನು ಕಾದ ಮೇಲೂ ಬಿಡದೆ ಬರುವ ದಟ್ಟ ಬಿಳಿ ಹೊಗೆ ರೇಡಿಯೇಟರಿನ ನೀರು ಸಿಲಿಂಡರಿನೊಳಕ್ಕೆ ನುಗ್ಗಿದೆಯೆಂಬುದನ್ನು ಸೂಚಿಸುತ್ತದೆ. ಬೆಳಗಿನ ಚಳಿಯಲ್ಲಿ ಕಾಣುವ ತೆಳ್ಳನೆಯ ಆವಿಗೆ ಮಾತ್ರ ಹೆದರಬೇಕಾಗಿಲ್ಲ. ಒಂದು ಲೀಟರು ಪೆಟ್ರೋಲು ಉರಿದರೆ ಹೆಚ್ಚುಕಡಮೆ ಒಂದು ಲೀಟರು ನೀರೇ ಹುಟ್ಟುತ್ತದೆ; ಆ ಆವಿ ಅದೇ.

ಎರಡನೆಯದು ಸ್ಪಾರ್ಕ್ ಪ್ಲಗ್ಗು. ಉರಿಯ ನಡುವೆಯೇ ತಲೆಯಿಟ್ಟುಕೊಂಡಿರುವ ಪ್ಲಗ್ಗಿಗಿಂತ ಹತ್ತಿರದ ಸಾಕ್ಷಿ ಬೇರೊಂದಿಲ್ಲ. ಬಿಚ್ಚಿ ನೋಡಿದಾಗ ಅದರ ತುದಿ ಬಿಸ್ಕತ್ತಿನ ಬಣ್ಣಕ್ಕಿದ್ದರೆ ಹದ ಸರಿಯಾಗಿದೆ. ಒಣಗಿದ ಕಾಡಿಗೆ ಮೆತ್ತಿದಂತಿದ್ದರೆ ಮಿಶ್ರಣ ಗಟ್ಟಿ. ಸುಣ್ಣದಂತೆ ಬಿಳಿಚಿಕೊಂಡು ಸಣ್ಣ ಗುಳ್ಳೆಗಳೆದ್ದಿದ್ದರೆ ಮಿಶ್ರಣ ತೆಳು, ಇಲ್ಲವೆ ಬೇರಾವುದೋ ಕಾರಣದಿಂದ ಉರಿ ಮಿತಿಮೀರಿದೆ. ಜಿಡ್ಡುಜಿಡ್ಡಾದ ಕಪ್ಪು ಎಣ್ಣೆಯದು. ಇಂದಿನ ಸೀಸರಹಿತ ಪೆಟ್ರೋಲಿನಲ್ಲಿ ಈ ಬಣ್ಣಗಳು ಹಿಂದಿನಷ್ಟು ಗಾಢವಾಗಿ ಮೂಡುವುದಿಲ್ಲ. ನಾಲ್ಕು ಪ್ಲಗ್ಗುಗಳನ್ನೂ ಸಾಲಾಗಿಟ್ಟು ಒಂದಕ್ಕೊಂದು ಹೋಲಿಸಿ ನೋಡುವುದೇ ಲೇಸು. ನಾಲ್ಕೂ ಕಪ್ಪಾಗಿದ್ದರೆ ದೋಷ ನಾಲ್ಕಕ್ಕೂ ಸಾಮಾನ್ಯವಾದ ಜಾಗದಲ್ಲಿದೆ. ಒಂದೇ ಬೇರೆಯಾಗಿದ್ದರೆ ಆ ಸಿಲಿಂಡರಿನ ಬಳಿಯೇ ಕಳ್ಳನನ್ನು ಹುಡುಕಬೇಕು.

ಮೂರನೆಯದು ಎಣ್ಣೆಯ ಅಳತೆಕಡ್ಡಿ. ಅದನ್ನು ಮೂಸಿ ನೋಡಿದಾಗ ಪೆಟ್ರೋಲಿನ ವಾಸನೆ ಘಾಟಾಗಿ ಬಂದರೆ ಮಿಶ್ರಣ ಬಹುದಿನಗಳಿಂದ ಗಟ್ಟಿಯಾಗಿದೆ ಎಂದೇ ಶಂಕಿಸಬೇಕು.

ಇವಕ್ಕಿಂತಲೂ ಸೊಗಸಾದ ಪರೀಕ್ಷೆಯೊಂದು ಅಂಬಾಸಡರ್ ಕಾರುಗಳನ್ನು ನೋಡಿಕೊಂಡವರಿಗೆ ತಿಳಿದಿತ್ತು. ಆ ಕಾರಿನ ಎಸ್. ಯು. ಕಾರ್ಬೊರೇಟರಿನಲ್ಲಿ ಗಾಳಿಯ ಸೆಳೆತಕ್ಕೆ ತಕ್ಕಂತೆ ಮೇಲಕ್ಕೂ ಕೆಳಕ್ಕೂ ಆಡುವ ಒಂದು ಪಿಸ್ಟನ್ನು, ಅದರ ಬುಡದಲ್ಲಿ ಚೂಪಾದ ಸೂಜಿ. ಕಾದ ಇಂಜಿನ್ನು ನಿಧಾನವಾಗಿ ತಿರುಗುತ್ತಿರುವಾಗ ಆ ಪಿಸ್ಟನ್ನನ್ನು ಒಂದು ಮಿಲಿಮೀಟರಿಗಿಂತ ಕಡಮೆ, ಕೂದಲೆಳೆಯಷ್ಟು ಎತ್ತಬೇಕು. ಇಂಜಿನ್ನಿನ ವೇಗ ಏರಿ ಹಾಗೆಯೇ ನಿಂತರೆ ಮಿಶ್ರಣ ಗಟ್ಟಿ. ಕೂಡಲೆ ಉಸಿರು ಕಟ್ಟಿ ನಿಂತುಹೋಗುವಂತಾದರೆ ತೆಳು. ಕ್ಷಣಕಾಲ ತುಸುವೇ ಏರಿ ಮತ್ತೆ ಮೊದಲಿನಂತಾದರೆ ಹದ ಸರಿ. ಒಂದು ಬೆರಳು, ಒಂದು ಕಿವಿ, ಇಷ್ಟೇ ಅದಕ್ಕೆ ಬೇಕಾದ ಉಪಕರಣ. ಅಂಬಾಸಡರಿನ ತಯಾರಿಕೆ 2014ರಲ್ಲಿ ನಿಂತುಹೋಯಿತು. ಆ ಕಿವಿಗಳೂ ಈಗ ವಿರಳವಾಗುತ್ತಿವೆ.

ಕಾರ್ಬೊರೇಟರಿನ ದೋಷಗಳಾದರೋ ಕಣ್ಣಿಗೆ ಕಾಣುವಂಥವು. ಚೋಕು ಅರ್ಧಕ್ಕೇ ಸಿಕ್ಕಿಕೊಂಡರೆ, ತೇಲುಬುರುಡೆಯ ಸೂಜಿ ಸವೆದು ಪೆಟ್ರೋಲು ಉಕ್ಕಿದರೆ, ಮೆಕ್ಕೆಜೋಳದ ಸುಗ್ಗಿಯ ಧೂಳು ಗಾಳಿಶೋಧಕವನ್ನು ಮುಚ್ಚಿದರೆ ಮಿಶ್ರಣ ಗಟ್ಟಿಯಾಗುತ್ತಿತ್ತು. ಜೆಟ್ಟಿನಲ್ಲಿ ಕಸ ಕೂತರೆ, ಬುಡದ ಗ್ಯಾಸ್ಕೆಟ್ಟು ಬಿರಿದು ಕಳ್ಳಗಾಳಿ ಸೇರಿದರೆ ತೆಳುವಾಗುತ್ತಿತ್ತು. ಯಾವ ದೋಷವೂ ಇಲ್ಲದ ಗಾಡಿಯೂ ಬೆಟ್ಟವೇರಿದರೆ ಹದ ಕೆಡುತ್ತಿದ್ದುದುಂಟು. ಪ್ರತಿ 1,000 ಮೀಟರಿಗೆ ಗಾಳಿ ನೂರಕ್ಕೆ ಸುಮಾರು 10 ಪಾಲು ವಿರಳವಾಗುತ್ತದೆ. ಸುಮಾರು 600 ಮೀಟರು ಎತ್ತರದ ದಾವಣಗೆರೆಯಲ್ಲಿ ಹದಗೊಳಿಸಿದ ಕಾರ್ಬೊರೇಟರು 1,900 ಮೀಟರಿಗೂ ಮಿಕ್ಕಿದ ಮುಳ್ಳಯ್ಯನಗಿರಿಯ ದಾರಿಯಲ್ಲಿ ಕಪ್ಪು ಹೊಗೆ ಉಗುಳಿದರೆ ಅದು ಮೇಸ್ತ್ರಿಯ ತಪ್ಪಲ್ಲ.

ಲೆಕ್ಕ ಬರೆಯುವ ಗುಮಾಸ್ತ

ಈಗಿನ ಕಾರುಗಳಲ್ಲಿ ಕಾರ್ಬೊರೇಟರಿಲ್ಲ. ಮಾರುತಿ 800ರಂಥ ಜನಸಾಮಾನ್ಯರ ಕಾರಿಗೂ 2000ರ ಹೊತ್ತಿಗೆ ಇಂಜೆಕ್ಷನ್ ವ್ಯವಸ್ಥೆ ಬಂದಿತು. ಎಷ್ಟು ಗಾಳಿ ಒಳಬರುತ್ತಿದೆಯೆಂದು ಒಂದು ಪುಟ್ಟ ಕಂಪ್ಯೂಟರು ಅಳೆದು, ಅದಕ್ಕೆ ತಕ್ಕಷ್ಟು ಪೆಟ್ರೋಲು ಚಿಮ್ಮುವಂತೆ ಇಂಜೆಕ್ಟರಿನ ಬಾಯನ್ನು ಸೆಕೆಂಡಿನ ಸಾವಿರದಲ್ಲಿ ಕೆಲವೇ ಪಾಲುಗಳಷ್ಟು ಹೊತ್ತು ತೆರೆಯುತ್ತದೆ. ತನ್ನ ಲೆಕ್ಕ ಸರಿಯಾಯಿತೇ ಎಂದು ನೋಡಿಕೊಳ್ಳಲು ಹೊಗೆಕೊಳವೆಯಲ್ಲಿ ಒಬ್ಬ ಕಾವಲುಗಾರನನ್ನು ನಿಲ್ಲಿಸಿಕೊಂಡಿರುತ್ತದೆ. ಅವನೇ ಆಕ್ಸಿಜನ್ ಸೆನ್ಸಾರು. 1976ರಲ್ಲಿ ಬಾಷ್ ಸಂಸ್ಥೆ ತಯಾರಿಸಿದ ಈ ಸಾಧನ ಮೊದಲು ವೋಲ್ವೋ ಕಾರುಗಳಲ್ಲಿ ಬಳಕೆಗೆ ಬಂದಿತು. ಬಹುಕಾಲ ಬಳಕೆಯಲ್ಲಿರುವ ಬಗೆಯದು ಹೊಗೆಯಲ್ಲಿ ಆಮ್ಲಜನಕ ಉಳಿದಿದ್ದರೆ ಸುಮಾರು 0.1 ವೋಲ್ಟು, ಉಳಿಯದಿದ್ದರೆ ಸುಮಾರು 0.9 ವೋಲ್ಟು ತೋರಿಸುತ್ತದೆ.

ಆಮ್ಲಜನಕ ಉಳಿದಿದೆಯೆಂದು ವರದಿ ಬಂದರೆ ಕಂಪ್ಯೂಟರು ಮಿಶ್ರಣ ತೆಳುವೆಂದು ತಿಳಿದು ಪೆಟ್ರೋಲನ್ನು ಹೆಚ್ಚಿಸುತ್ತದೆ; ಉಳಿದಿಲ್ಲವೆಂದರೆ ಕಡಮೆ ಮಾಡುತ್ತದೆ. ಈ ಹೆಚ್ಚು ಕಡಮೆಯನ್ನು ಅದು ದಿನವಹಿ ಪುಸ್ತಕದಲ್ಲಿ ಗುಮಾಸ್ತ ಬರೆದಂತೆ ಶೇಕಡಾ ಲೆಕ್ಕದಲ್ಲಿ ಬರೆದಿಡುತ್ತದೆ. ಇದನ್ನೇ 'ಫ್ಯೂಯೆಲ್ ಟ್ರಿಮ್' ಎನ್ನುವುದು. ಸೊನ್ನೆಯ ಆಸುಪಾಸಿನಲ್ಲಿದ್ದರೆ ಕ್ಷೇಮ. ಕೂಡುವ ಅಥವಾ ಕಳೆಯುವ ಲೆಕ್ಕ 10ನ್ನು ದಾಟಿದರೆ ಏನೋ ಕೆಟ್ಟಿದೆ. ಇನ್ನೂ ಬೆಳೆದರೆ ಹಳದಿ ದೀಪ ಹೊತ್ತಿ, ತೆಳುವಾದರೆ 'ಪಿ 0171', ಗಟ್ಟಿಯಾದರೆ 'ಪಿ 0172' ಎಂಬ ಸಂಕೇತ ಮೀಟರಿನಲ್ಲಿ ಕಾಣುತ್ತದೆ.

ಬಲ್ಲ ಮೆಕ್ಯಾನಿಕ್ಕು ಸಂಕೇತವನ್ನು ಓದಿ ಅಲ್ಲಿಗೇ ನಿಲ್ಲುವುದಿಲ್ಲ. ಪುಸ್ತಕದ ಪುಟಗಳನ್ನೂ ತಿರುವುತ್ತಾನೆ. ಗಾಡಿ ನಿಂತಲ್ಲೇ ತಿರುಗುವಾಗ ಒಮ್ಮೆ, ನಿಮಿಷಕ್ಕೆ 2,500 ಸುತ್ತಿನ ವೇಗದಲ್ಲಿ ಇನ್ನೊಮ್ಮೆ, ರಸ್ತೆಯಲ್ಲಿ ಭಾರವೆಳೆಯುವಾಗ ಮತ್ತೊಮ್ಮೆ ಲೆಕ್ಕ ನೋಡುತ್ತಾನೆ. ಒಳಬರುವ ಗಾಳಿಯ ಹರಿವನ್ನೇ ಅಳೆಯುವ ಬಗೆಯ ಕಾರಿನಲ್ಲಿ, ನಿಂತಲ್ಲಿ ಕೂಡುವ ಲೆಕ್ಕ ಬಹಳವಾಗಿದ್ದು ವೇಗದಲ್ಲಿ ಇಳಿದುಹೋದರೆ ಎಲ್ಲೋ ರಬ್ಬರು ಕೊಳವೆ ಬಿರಿದು ಕಳ್ಳಗಾಳಿ ಸೇರುತ್ತಿದೆ. ನಿಂತಾಗ ಸರಿಯಿದ್ದು ಭಾರ ಬಿದ್ದಾಗ ಲೆಕ್ಕ ಏರಿದರೆ ಪೆಟ್ರೋಲು ಪಂಪು ಸೋತಿದೆ, ಇಲ್ಲವೆ ಅದರ ಶೋಧಕ ಕಟ್ಟಿದೆ, ಇಲ್ಲವೆ ಗಾಳಿಯನ್ನಳೆಯುವ ಸೆನ್ಸಾರಿಗೆ ಧೂಳು ಮೆತ್ತಿದೆ. ಗಾಳಿಯ ಒತ್ತಡವನ್ನಷ್ಟೇ ಅಳೆಯುವ ಅನೇಕ ಸಣ್ಣ ಕಾರುಗಳ ರೀತಿ ಬೇರೆ. ಅಲ್ಲಿ ಕಳ್ಳಗಾಳಿಯೂ ಲೆಕ್ಕಕ್ಕೆ ಸಿಕ್ಕಿಬಿಡುವುದರಿಂದ ಮಿಶ್ರಣ ಅಷ್ಟಾಗಿ ಕೆಡದೆ, ನಿಂತಲ್ಲಿ ಇಂಜಿನ್ನಿನ ವೇಗವೇ ಏರಿಬಿಡುತ್ತದೆ.

ಗಟ್ಟಿ ಮಿಶ್ರಣಕ್ಕೂ ಇಂಥ ಸುಳಿವುಗಳಿವೆ. ಪೆಟ್ರೋಲು ತುಂಬಿಸಿದ ಮರುಕ್ಷಣ ಗಾಡಿ ಚಾಲೂ ಆಗಲು ಹಟ ಹಿಡಿದರೆ ಟ್ಯಾಂಕಿನ ಆವಿಯನ್ನು ಇಂಜಿನ್ನಿಗೆ ಬಿಡುವ ಪರ್ಜ್ ವಾಲ್ವು ತೆರೆದೇ ಉಳಿದಿರಬಹುದು. ರಾತ್ರಿ ನಿಂತ ಗಾಡಿ ಬೆಳಿಗ್ಗೆ ಕಪ್ಪು ಹೊಗೆಯೊಡನೆ ಎದ್ದರೆ ಇಂಜೆಕ್ಟರು ಸೋರುತ್ತಿರಬಹುದು. ಶಾಖವನ್ನಳೆಯುವ ಸೆನ್ಸಾರು ಕಾದ ಇಂಜಿನ್ನನ್ನು ತಣ್ಣಗಿದೆಯೆಂದು ಸುಳ್ಳು ಹೇಳಿದರೆ ಕಂಪ್ಯೂಟರು ಪೆಟ್ರೋಲು ಸುರಿಯುತ್ತಲೇ ಇರುತ್ತದೆ. ಇದು ಹಳೆಯ ಕಾರಿನ ಸಿಕ್ಕಿಕೊಂಡ ಚೋಕಿನ ಹೊಸ ಅವತಾರ.

ಸಾಕ್ಷಿಗಳು ಜಗಳಾಡಿದಾಗ

ಈಗ ಆನೆಕೊಂಡದ ಗಾಡಿಗೆ ಹಿಂದಿರುಗಬಹುದು. ಅದರ ಮೀಟರು ಹೇಳುವುದು 'ಪಿ 0171', ಮಿಶ್ರಣ ತೆಳು ಎಂದು. ಮೂಗು ಹೇಳುವುದು ಪೆಟ್ರೋಲು ಹೆಚ್ಚು ಎಂದು. ಒಂದೇ ಒಲೆಯಲ್ಲಿ ಸೌದೆ ಕಡಮೆಯೂ ಹೆಚ್ಚೂ ಏಕಕಾಲಕ್ಕೆ ಆಗುವುದೆಂತು? ಮೂವರು ಮೆಕ್ಯಾನಿಕ್ಕುಗಳೂ ಮೀಟರನ್ನು ನಂಬಿ ಮೂಗನ್ನು ಮರೆತರು. ನಾಲ್ಕನೆಯವನು ವಯಸ್ಸಾದ ಮೇಸ್ತ್ರಿಯೆನ್ನಬಹುದು. ಅವನು ಜಗಳದಲ್ಲೇ ಸತ್ಯವಿದೆಯೆಂದು ಬಲ್ಲ.

"ತಮ್ಮಾ, ಯಾವ ಸಾಮಾನೂ ತರಬ್ಯಾಡ. ಮೊದಲು ಪ್ಲಗ್ಗು ಬಿಚ್ಚು" ಎನ್ನುತ್ತಾನೆ ಅವನು.

ಮೂರು ಪ್ಲಗ್ಗುಗಳು ಕಪ್ಪು. ಒಂದು ಪೆಟ್ರೋಲಿನಲ್ಲಿ ತೊಯ್ದಿದೆ. ಗುಟ್ಟು ಅಲ್ಲೇ ಬಯಲಾಗುತ್ತದೆ. ಆ ಒಂದು ಸಿಲಿಂಡರಿನಲ್ಲಿ, ಭಾರ ಬಿದ್ದಾಗ ಕಿಡಿ ಹಾರುತ್ತಿಲ್ಲ. ಗ್ಯಾರೇಜಿನ ಭಾಷೆಯಲ್ಲಿ 'ಮಿಸ್ಸಿಂಗ್'. ಕಿಡಿಯಿಲ್ಲದೆ ಪೆಟ್ರೋಲೂ ಉರಿಯಲಿಲ್ಲ, ಗಾಳಿಯೂ ಬಳಕೆಯಾಗಲಿಲ್ಲ. ಎರಡೂ ಹಾಗೆಯೇ ಹೊಗೆಕೊಳವೆಗೆ ಹೋದುವು. ಆಕ್ಸಿಜನ್ ಸೆನ್ಸಾರಿಗೆ ಕಾಣುವುದು ಆಮ್ಲಜನಕವೊಂದೇ. ಪೆಟ್ರೋಲನ್ನು ಅಳೆಯಲು ಅದಕ್ಕೆ ಬಾರದು. ಅದು ಕಂಡದ್ದನ್ನೇ ನಿಷ್ಠೆಯಿಂದ ವರದಿ ಮಾಡಿತು: "ಆಮ್ಲಜನಕ ಉಳಿದಿದೆ, ಮಿಶ್ರಣ ತೆಳು." ಕಂಪ್ಯೂಟರು ನಂಬಿ ನಾಲ್ಕೂ ಸಿಲಿಂಡರುಗಳಿಗೆ ಪೆಟ್ರೋಲು ಹೆಚ್ಚಿಸಿತು. ಆರೋಗ್ಯವಾಗಿದ್ದ ಮೂರೂ ಸಿಲಿಂಡರುಗಳು ಉಸಿರುಗಟ್ಟಿ ಕಪ್ಪಾದುವು. ಸೆನ್ಸಾರು ಸುಳ್ಳು ಹೇಳಲಿಲ್ಲ. ಅದಕ್ಕೆ ಕಂಡ ಸತ್ಯ ಅರ್ಧ ಮಾತ್ರ.

ಮೇಸ್ತ್ರಿ ಆ ಸಿಲಿಂಡರಿನ ಕಾಯಿಲನ್ನು ಪಕ್ಕದ್ದಕ್ಕೆ ಅದಲುಬದಲು ಮಾಡುತ್ತಾನೆ. ಮಿಸ್ಸಿಂಗೂ ಪಕ್ಕದ ಸಿಲಿಂಡರಿಗೆ ಹೋಗುತ್ತದೆ. ಬದಲಾಯಿಸಬೇಕಾದುದು ಅದೊಂದೇ. ಕಳೆದುಹೋದ ಸೆನ್ಸಾರು, ತೊಳೆದ ಇಂಜೆಕ್ಟರು, ಹೊಸ ಪಂಪು ಯಾವುದಕ್ಕೂ ಈ ಕಾಯಿಲೆಯೊಡನೆ ಸಂಬಂಧವಿರಲಿಲ್ಲ. ಇನ್ನು ಕೆಲವು ದಿನ ತಡವಾಗಿದ್ದರೆ ಕನ್ವರ್ಟರೂ ಸುಟ್ಟು ಅವನ ತಿಂಗಳುಗಳ ಸಂಪಾದನೆಯನ್ನು ನುಂಗುತ್ತಿತ್ತು. ಈಚಿನ ಕಾರುಗಳಲ್ಲಿ ಹಳದಿ ದೀಪ ಸ್ಥಿರವಾಗಿ ಉರಿಯದೆ ಮಿಟುಕಲಾರಂಭಿಸಿದರೆ ಅದು ಈ ಅಪಾಯದ ಎಚ್ಚರಿಕೆ. ಆಗ ವೇಗ ತಗ್ಗಿಸಿ ಗಾಡಿಯನ್ನು ಆದಷ್ಟು ಬೇಗ ನಿಲ್ಲಿಸುವುದೇ ಜಾಣತನ. ಸೆನ್ಸಾರಿಗಿಂತ ಮುಂಚೆ ಹೊಗೆಕೊಳವೆಯಲ್ಲಿ ಬಿರುಕಿದ್ದು ಹೊರಗಾಳಿ ಒಳಸೇರಿದರೂ ಇದೇ ಬಗೆಯ ಅರ್ಧಸತ್ಯದ ವರದಿ ಬರುತ್ತದೆ.

ಹೊಸ ಪೆಟ್ರೋಲು, ಹಳೆಯ ಗಾಡಿ

ಇತ್ತೀಚೆಗೆ ಈ ಲೆಕ್ಕಕ್ಕೆ ಇನ್ನೊಂದು ಸಂಖ್ಯೆ ಸೇರಿದೆ. ನೂರಕ್ಕೆ 20 ಪಾಲು ಎಥನಾಲ್ ಬೆರೆತ ಇ-20 ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಚಾಲನೆ ದೊರೆಯಿತು. ಎಥನಾಲಿನ ಮೂಲ ದಾವಣಗೆರೆಯ ಸೀಮೆಯ ರೈತರಿಗೆ ಅಪರಿಚಿತವಲ್ಲ; ಕಬ್ಬು ಮತ್ತು ಮೆಕ್ಕೆಜೋಳ ಎರಡರಿಂದಲೂ ಅದನ್ನು ತೆಗೆಯುತ್ತಾರೆ. ಎಥನಾಲಿನಲ್ಲಿ ಆಮ್ಲಜನಕ ಮೊದಲೇ ಅಡಗಿರುವುದರಿಂದ ಒಂದು ಕಿಲೋಗ್ರಾಂ ಎಥನಾಲಿಗೆ ಸುಮಾರು 9 ಕಿಲೋಗ್ರಾಂ ಗಾಳಿ ಸಾಕು. ಹೀಗಾಗಿ ಇ-20ರ ಹದದ ಪ್ರಮಾಣ 14.7ರಿಂದ ಸುಮಾರು 13.5ಕ್ಕೆ ಇಳಿಯುತ್ತದೆ. ಕಂಪ್ಯೂಟರಿರುವ ಕಾರು ಸೆನ್ಸಾರಿನ ವರದಿಯಂತೆ ಪೆಟ್ರೋಲನ್ನು ತುಸು ಹೆಚ್ಚಿಸಿ ಸರಿದೂಗಿಸಿಕೊಳ್ಳುತ್ತದೆ. ಹಳೆಯ ಕಾರ್ಬೊರೇಟರಿಗೆ ಆ ಬುದ್ಧಿಯಿಲ್ಲ. ಅದೇ ಜೆಟ್ಟಿನಿಂದ ಅಷ್ಟೇ ಸುರಿದು ಮಿಶ್ರಣವನ್ನು ತೆಳುಗೊಳಿಸುತ್ತದೆ. ಎಥನಾಲು ನೀರನ್ನು ಹೀರುವ ಸ್ವಭಾವದ್ದು. ಹಳೆಯ ಬಗೆಯ ರಬ್ಬರನ್ನೂ ಕೆಡಿಸಬಲ್ಲದು. ಅಕ್ಕರೆಯಿಂದ ಹಳೆಯ ಫಿಯಟ್ಟನ್ನೋ ಅಂಬಾಸಡರನ್ನೋ ಉಳಿಸಿಕೊಂಡವರು ಕೊಳವೆಗಳನ್ನು ಹೊಸದಾಗಿಸಿ, ಮಿಶ್ರಣವನ್ನು ಮತ್ತೊಮ್ಮೆ ಹದಗೊಳಿಸಿಕೊಳ್ಳುವುದು ಮೇಲು.

ಎರಡು ಎಚ್ಚರಿಕೆಯ ಮಾತುಗಳನ್ನು ಇಲ್ಲಿಯೇ ಹೇಳಬೇಕು. ಕಳ್ಳಗಾಳಿಯನ್ನು ಪತ್ತೆಮಾಡಲು ಕಾದ ಇಂಜಿನ್ನಿನ ಸಂದುಗಳಿಗೆ ಪೆಟ್ರೋಲು ತಟಕಿಸಿ ನೋಡುವ ಹಳೆಯ ಪದ್ಧತಿ ಬೆಂಕಿಯೊಡನೆ ಸರಸ. ನೀರಿನ ಸಣ್ಣ ಸಿಂಪರಣೆ, ಇಲ್ಲವೆ ಈಗ ದೊರೆಯುವ ಹೊಗೆಯಂತ್ರ ಆ ಕೆಲಸಕ್ಕೆ ಸಾಕು. ಎರಡನೆಯದು ಇನ್ನೂ ಮುಖ್ಯ. ಗಟ್ಟಿ ಮಿಶ್ರಣ ಉರಿದಾಗ ಇಂಗಾಲದ ಮೊನಾಕ್ಸೈಡು ಹೇರಳವಾಗಿ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಇಂಜಿನ್ನು ನಡೆಸಿಟ್ಟು ಪರೀಕ್ಷೆ ಮಾಡಿದವರು ತಿಳಿಯದೆಯೇ ಪ್ರಾಣ ಕಳೆದುಕೊಂಡದ್ದುಂಟು. ಪರೀಕ್ಷೆ ಬಯಲಿನಲ್ಲೇ ಆಗಬೇಕು.

1941ರಲ್ಲಿ ಹರಿಹರದಲ್ಲಿ ನೆಲೆಗೊಂಡ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತುಗಳನ್ನು ನಿರ್ಮಿಸಿ ಈ ಸೀಮೆಗೆ ಹೆಸರು ತಂದಿತ್ತು. 1951ರಲ್ಲಿ ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಕಾರ್ಖಾನೆ ಈಗ ಮುಚ್ಚಿದೆ, ಕಾಲೇಜು ನಡೆದಿದೆ. ಕೈಯ ವಿದ್ಯೆ, ಪುಸ್ತಕದ ವಿದ್ಯೆ ಎರಡೂ ಜೊತೆಯಾಗಿ ಬೆಳೆದ ಊರುಗಳಿವು. ಮಿಶ್ರಣದ ಶಾಸ್ತ್ರ ಬಯಸುವುದೂ ಆ ಜೊತೆಯನ್ನೇ. ಮೀಟರಿಲ್ಲದ ಮೂಗಿಗೆ ಸೂಕ್ಷ್ಮ ತಿಳಿಯದು. ಮೂಗಿಲ್ಲದ ಮೀಟರಿಗೆ ಅರ್ಥ ತಿಳಿಯದು.

ಆನೆಕೊಂಡದ ಗಾಡಿ ಈಗ ಮತ್ತೆ ಹರಿಹರದ ದಾರಿ ಹಿಡಿದಿದೆ. ತುಂಗಭದ್ರೆಯ ದಂಡೆಯಲ್ಲಿ, ಹೊಯ್ಸಳ ಎರಡನೆಯ ನರಸಿಂಹನ ಮಂತ್ರಿ ಪೋಲಾಳ್ವನು 1224ರ ಸುಮಾರಿನಲ್ಲಿ ಕಟ್ಟಿಸಿದ ಗುಡಿಯಲ್ಲಿ ಹರಿಯೂ ಹರನೂ ಒಂದೇ ಮೂರ್ತಿಯಲ್ಲಿ ಸಮಪಾಲಾಗಿ ನಿಂತಿದ್ದಾರೆ. ಬಾಡಿಗೆಯವರನ್ನು ಗುಡಿಯ ಮುಂದೆ ಇಳಿಸಿ, ಮಾಲಿಕ ಒಂದು ಕ್ಷಣ ಗಾಡಿಯ ಹಿಂದೆ ಬಂದು ನಿಲ್ಲುತ್ತಾನೆ. ಹೊಗೆಯಿಲ್ಲ, ಪೆಟ್ರೋಲಿನ ವಾಸನೆಯಿಲ್ಲ. ಇಂಜಿನ್ನು ಒಂದೇ ಶ್ರುತಿಯಲ್ಲಿ ನಡೆಯುತ್ತಿದೆ. ಮುಂದಿನ ಸಲ ಹಳದಿ ದೀಪ ಹೊತ್ತಿದಾಗ ಅವನು ಕೇಳುವ ಮೊದಲ ಪ್ರಶ್ನೆ "ಯಾವ ಸಾಮಾನು ಹಾಕಬೇಕು?" ಎಂದಲ್ಲ, "ಪ್ಲಗ್ಗು ಏನನ್ನುತ್ತದೆ?" ಎಂದು.